ಬೆಂಚಿನ ತುದಿಯಲ್ಲಿ ಕುಳಿತವನು: ಜೆರೆಮಿ ಲಿನ್ ಮತ್ತು 2012ರ ಫೆಬ್ರವರಿ

ಉರ್ದುವಿನಲ್ಲಿ ‘ಗುಮ್‌ನಾಮ್’ ಎಂಬ ಪದವಿದೆ. ಹೆಸರೇ ಕಳೆದುಹೋದವನು, ಯಾರಿಗೂ ಗೊತ್ತಿಲ್ಲದವನು ಎಂದು ಅರ್ಥ. ಅದರ ಎದುರು ‘ಮಶ್‌ಹೂರ್’, ಅಂದರೆ ಹೆಸರುವಾಸಿ. ಈ ಎರಡು ಪದಗಳ ನಡುವಿನ ದೂರವನ್ನು ಕ್ರಮಿಸಲು ಸಾಮಾನ್ಯವಾಗಿ ಒಂದು ಆಯುಷ್ಯವೇ ಬೇಕು. ಎಷ್ಟೋ ಮಂದಿಗೆ ಅದೂ ಸಾಲುವುದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜೆರೆಮಿ ಲಿನ್ ಅದನ್ನು 2012ರ ಫೆಬ್ರವರಿ 4ರಿಂದ 14ರವರೆಗಿನ ಹತ್ತು ದಿನಗಳಲ್ಲಿ ದಾಟಿದರು. ಕ್ರೀಡಾ ಇತಿಹಾಸದಲ್ಲಿ ಇಂತಹ ಉದಾಹರಣೆಗಳು ಬಹಳ ಕಡಿಮೆ. ಪತ್ರಿಕೆಗಳು ಇದನ್ನು ‘ರಾತೋರಾತ್ರಿ ಬಂದ ಕೀರ್ತಿ’ ಎಂದು ಬಣ್ಣಿಸಿದವು. ಕೀರ್ತಿ ರಾತೋರಾತ್ರಿ ಬಂದದ್ದು ನಿಜ. ಆದರೆ ಆಟ ರಾತೋರಾತ್ರಿ ಬಂದದ್ದಲ್ಲ. ಅದು ಹತ್ತಾರು ವರ್ಷಗಳಿಂದ ಎಲ್ಲರ ಕಣ್ಣೆದುರಿಗೇ ಇತ್ತು. ಕಂಡೂ ಕಾಣದಂತಾದದ್ದು ಏಕೆ ಎಂಬುದೇ ಈ ಲೇಖನದ ವಿಷಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಕರು ರೂಪಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದು ಅವರಿಗೆ ಬೇಕಿತ್ತು. ಬಾಲ್ಕನಿಯ ಕಂಬಿಗೆ ಹಣ್ಣಿನ ಬುಟ್ಟಿಗಳನ್ನು ಹೊಡೆದು ಆಟ ಶುರು ಮಾಡಿದರು. ಅವರು ಕೆಲಸ ಮಾಡುತ್ತಿದ್ದ ವೈಎಂಸಿಎ ಸಂಸ್ಥೆಯ ಮೂಲಕವೇ ಈ ಆಟ ಕೆಲವೇ ವರ್ಷಗಳಲ್ಲಿ ಏಷ್ಯಾ ಖಂಡಕ್ಕೂ ತಲುಪಿತು. ಹೀಗೆ ಆಟವೇನೋ ಏಷ್ಯಾಕ್ಕೆ ಬೇಗ ಬಂತು. ಏಷ್ಯಾ ಮೂಲದ ಆಟಗಾರರು ಅಮೆರಿಕದ ವೃತ್ತಿಪರ ಅಂಗಳಕ್ಕೆ ಹೋಗುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ.

ಇಲ್ಲಿ ವ್ಯಾಟ್ ಮಿಸಾಕ ಅವರನ್ನು ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ. ಯೂಟಾ ರಾಜ್ಯದ ಆಗ್ಡೆನ್ ಪಟ್ಟಣದಲ್ಲಿ 1923ರಲ್ಲಿ ಹುಟ್ಟಿದ ಈ ಜಪಾನಿ ಮೂಲದ ಅಮೆರಿಕನ್ ಐದು ಅಡಿ ಏಳು ಇಂಚಿನ ಕುಳ್ಳ ಆಟಗಾರ. ಎರಡನೇ ಮಹಾಯುದ್ಧದ ಕಾಲವದು. ಒಂದು ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದವರನ್ನು, ಅದರಲ್ಲೂ ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಸರ್ಕಾರ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತ್ತು. ಯೂಟಾ ರಾಜ್ಯದ ನಿವಾಸಿಗಳಿಗೆ ಆ ಆಜ್ಞೆ ಅನ್ವಯಿಸದಿದ್ದರಿಂದ ಮಿಸಾಕ ಹೊರಗುಳಿದರು. ಅದೇ 1944ರಲ್ಲಿ ಅವರ ಯೂಟಾ ವಿಶ್ವವಿದ್ಯಾಲಯದ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಬಳಿಕ ಅವರು ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿ ಮರಳಿ ಬಂದು, 1947ರಲ್ಲಿ ಅದೇ ಅಂಗಳದಲ್ಲಿ ಮತ್ತೊಂದು ದೊಡ್ಡ ಪ್ರಶಸ್ತಿ ಗೆಲ್ಲುವಲ್ಲಿ ಪಾಲುದಾರರಾದರು. ಆ ಆಟವನ್ನು ಕಂಡ ನ್ಯೂಯಾರ್ಕ್ ನಿಕ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಇಂದಿನ ಎನ್‌ಬಿಎಯ ಮಾತೃಸಂಸ್ಥೆಯಾದ ಆ ಲೀಗಿನಲ್ಲಿ ಆಡಿದ ಮೊದಲ ಬಿಳಿಯೇತರ ಆಟಗಾರ ಇವರೇ. ಕಪ್ಪು ವರ್ಣೀಯರು ಎನ್‌ಬಿಎಗೆ ಬಂದದ್ದು ಅದಕ್ಕೂ ಮೂರು ವರ್ಷಗಳ ನಂತರ, 1950ರಲ್ಲಿ. ಮಿಸಾಕ ಆಡಿದ್ದು ಮೂರು ಪಂದ್ಯ, ಗಳಿಸಿದ್ದು ಏಳು ಅಂಕ. ನಂತರ ತಂಡ ಅವರನ್ನು ಕೈಬಿಟ್ಟಿತು. ಅವರು ಊರಿಗೆ ಮರಳಿ ಇಂಜಿನಿಯರ್ ಆಗಿ ಬಾಳಿದರು. 2019ರಲ್ಲಿ ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ತಂಡ, ಅದೇ ಗಾರ್ಡನ್ ಎಂಬ ಹೆಸರಿನ ಅಂಗಳ. ನಡುವೆ 64 ವರ್ಷಗಳ ಅಂತರ.

ಜೆರೆಮಿ ಲಿನ್ ಹುಟ್ಟಿದ್ದು 1988ರ ಆಗಸ್ಟ್ 23ರಂದು, ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಪಾಲೊ ಆಲ್ಟೊ ಪಟ್ಟಣದಲ್ಲಿ. ತಂದೆ ತಾಯಿ ಇಬ್ಬರೂ 1970ರ ದಶಕದಲ್ಲಿ ತೈವಾನಿನಿಂದ ಅಮೆರಿಕಕ್ಕೆ ಬಂದವರು. 1882ರ ಕಾಯಿದೆಯೊಂದು ಚೀನೀ ಕಾರ್ಮಿಕರಿಗೆ ಅಮೆರಿಕದ ಬಾಗಿಲನ್ನು ಮುಚ್ಚಿತ್ತು. ಅದು ರದ್ದಾದದ್ದು 1943ರಲ್ಲಿ. 1965ರ ಹೊಸ ವಲಸೆ ಕಾನೂನಿನ ನಂತರವಷ್ಟೇ ಏಷ್ಯಾದ ವಿದ್ಯಾವಂತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸತೊಡಗಿದವು. ಲಿನ್ ಅವರ ತಂದೆ ಗೀ ಮಿಂಗ್ ಲಿನ್ ಆ ಅಲೆಯಲ್ಲಿ ಬಂದ ಇಂಜಿನಿಯರ್. ಅವರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ, ಆದರೆ ಆಡಿ ಗೊತ್ತಿಲ್ಲ. ಟಿವಿಯಲ್ಲಿ ಬಂದ ಪಂದ್ಯಗಳನ್ನು ವಿಡಿಯೊ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡು, ದೊಡ್ಡ ಆಟಗಾರರ ಕೈಕಾಲಿನ ಚಲನೆಯನ್ನು ಮತ್ತೆ ಮತ್ತೆ ನೋಡಿ ಕಲಿತರು. ಕಲಿತದ್ದನ್ನು ಮೂವರು ಗಂಡುಮಕ್ಕಳಿಗೆ ಸ್ಥಳೀಯ ವೈಎಂಸಿಎ ಅಂಗಳದಲ್ಲಿ ಹೇಳಿಕೊಟ್ಟರು. ಶಾಲೆಯ ಹೋಂವರ್ಕ್ ಮುಗಿದ ಮೇಲೆ ಆಟ ಎಂಬುದು ಮನೆಯ ನಿಯಮ. ಪಠ್ಯವನ್ನೂ ಆಟವನ್ನೂ ಒಂದೇ ಶ್ರದ್ಧೆಯಿಂದ ಕಂಡ ಈ ತಂದೆಯ ಬಗ್ಗೆ ಯಾರಾದರೂ ಪ್ರತ್ಯೇಕವಾಗಿಯೇ ಬರೆಯಬೇಕು ಎಂದು ನನಗನಿಸುತ್ತದೆ.

ತಂದೆ ತಾಯಿ ಇಬ್ಬರ ಎತ್ತರವೂ ಐದೂವರೆ ಅಡಿಯ ಆಸುಪಾಸು. ಜೆರೆಮಿ ಮಾತ್ರ ಆರು ಅಡಿ ಮೂರು ಇಂಚು ಬೆಳೆದರು. 2006ರಲ್ಲಿ ಪಾಲೊ ಆಲ್ಟೊ ಹೈಸ್ಕೂಲಿನ ನಾಯಕರಾಗಿ ತಂಡವನ್ನು ಋತುವಿನ 33 ಪಂದ್ಯಗಳಲ್ಲಿ 32ರಲ್ಲಿ ಗೆಲ್ಲಿಸಿದರು. ರಾಜ್ಯ ಮಟ್ಟದ ಫೈನಲ್‌ನಲ್ಲಿ ಬಲಾಢ್ಯವೆಂದು ಹೆಸರಾಗಿದ್ದ ಮೇಟರ್ ಡೇ ಶಾಲೆಯನ್ನು 51-47ರಿಂದ ಸೋಲಿಸಿದರು. ಇಷ್ಟಾದರೆ ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನ ಹಿಡಿದುಕೊಂಡು ಮನೆ ಬಾಗಿಲಿಗೆ ಬರುವುದು ವಾಡಿಕೆ. ಲಿನ್ ಬಾಗಿಲಿಗೆ ಯಾರೂ ಬರಲಿಲ್ಲ. ಅವರು ತಮ್ಮ ಆಟದ ಡಿವಿಡಿ ಮಾಡಿಸಿ ತಾವೇ ಕಾಲೇಜುಗಳಿಗೆ ಕಳುಹಿಸಿದರು. ಶಾಲೆಯ ಎದುರಿನ ರಸ್ತೆ ದಾಟಿದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ರಸ್ತೆಯ ಆಚೆ ಬದಿಯವರಿಗೂ ಈ ಹುಡುಗ ಕಾಣಲಿಲ್ಲ! ಕೊನೆಗೆ ತಂಡದಲ್ಲಿ ಸ್ಥಾನ ಕೊಡುತ್ತೇವೆಂದು ಖಾತರಿ ಕೊಟ್ಟದ್ದು ಹಾರ್ವರ್ಡ್ ಮತ್ತು ಬ್ರೌನ್. ಇವೆರಡೂ ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡದ ಸಂಸ್ಥೆಗಳು.

ಲಿನ್ ಹಾರ್ವರ್ಡ್ ಸೇರಿ 2010ರಲ್ಲಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ಅಲ್ಲಿ ಏಷ್ಯನ್ ಮೂಲದ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆಯಲ್ಲೂ ಮುಂದಾಳಾಗಿದ್ದರು. 2009ರ ಡಿಸೆಂಬರಿನಲ್ಲಿ ದೊಡ್ಡ ತಂಡವಾದ ಕನೆಕ್ಟಿಕಟ್ ವಿರುದ್ಧ 30 ಅಂಕ ಗಳಿಸಿದರು. ಎದುರಾಳಿ ಊರುಗಳಲ್ಲಿ ಆಡುವಾಗ ಗ್ಯಾಲರಿಯಿಂದ ಚೀನೀ ತಿಂಡಿಗಳ ಹೆಸರು ಕೂಗಿ ಹೀಯಾಳಿಸುವುದು, ಕಣ್ಣಿನ ಆಕಾರವನ್ನು ಅಣಕಿಸುವುದು ಮಾಮೂಲಾಗಿತ್ತು ಎಂದು ಅವರೇ ನಂತರ ಹೇಳಿಕೊಂಡಿದ್ದಾರೆ.

ಎನ್‌ಬಿಎ ತಂಡಗಳು ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಕ್ರಮದಲ್ಲಿ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. 2010ರಲ್ಲಿ 60 ಮಂದಿಯನ್ನು ಆರಿಸಲಾಯಿತು. ಲಿನ್ ಹೆಸರು ಆ ಅರವತ್ತರಲ್ಲಿ ಇರಲಿಲ್ಲ. ಆ ಬೇಸಿಗೆಯ ಅಭ್ಯಾಸ ಪಂದ್ಯವೊಂದರಲ್ಲಿ ಡಲ್ಲಾಸ್ ತಂಡದ ಪರ ಆಡಿದಾಗ, ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿದ್ದ ಜಾನ್ ವಾಲ್‌ನ ಎದುರೇ ಮಿಂಚಿದರು. ಅದನ್ನು ಕಂಡು ಅವರ ತವರು ಪ್ರದೇಶದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಒಪ್ಪಂದ ಮಾಡಿಕೊಂಡಿತು. ಹಾರ್ವರ್ಡ್‌ನಿಂದ ಎನ್‌ಬಿಎ ಅಂಗಳಕ್ಕೆ ಒಬ್ಬ ಆಟಗಾರ ಕಾಲಿಟ್ಟದ್ದು 1950ರ ದಶಕದ ನಂತರ ಅದೇ ಮೊದಲು. ಆದರೆ ಋತುವಿನಲ್ಲಿ ಆಡಿದ್ದು 29 ಪಂದ್ಯ, ಅದೂ ಕೆಲವು ನಿಮಿಷಗಳಷ್ಟೇ. ಮಧ್ಯೆ ಮೂರು ಬಾರಿ ಕೆಳದರ್ಜೆಯ ಲೀಗಿಗೆ ಕಳುಹಿಸಲಾಯಿತು.

2011ರ ಡಿಸೆಂಬರ್ ಅವರ ಪಾಲಿಗೆ ಕಠಿಣ ತಿಂಗಳು. 9ನೇ ತಾರೀಖು ವಾರಿಯರ್ಸ್ ತಂಡ ಅವರನ್ನು ಕೈಬಿಟ್ಟಿತು. ಅದಕ್ಕೂ ಅವರ ಆಟಕ್ಕೂ ಸಂಬಂಧವಿರಲಿಲ್ಲ. ಲಾಸ್ ಏಂಜಲೀಸ್‌ನ ಎತ್ತರದ ಆಟಗಾರನೊಬ್ಬನಿಗೆ ದೊಡ್ಡ ಸಂಬಳದ ಆಹ್ವಾನ ಕೊಡಲು ತಂಡದ ಲೆಕ್ಕದಲ್ಲಿ ಜಾಗ ಬೇಕಿತ್ತು, ಅಷ್ಟೆ. ಆ ಆಟಗಾರ ಕೊನೆಗೂ ವಾರಿಯರ್ಸ್‌ಗೆ ಸಿಗಲಿಲ್ಲ. 12ರಂದು ಹ್ಯೂಸ್ಟನ್ ರಾಕೆಟ್ಸ್ ಲಿನ್‌ರನ್ನು ತೆಗೆದುಕೊಂಡಿತು. ಕ್ರಿಸ್‌ಮಸ್ ಹಿಂದಿನ ದಿನ, 24ರಂದು, ಅದೂ ಬೇರೊಬ್ಬನಿಗೆ ಜಾಗ ಮಾಡಲು ಅವರನ್ನು ಬಿಟ್ಟಿತು. ಮೂರು ದಿನಗಳ ನಂತರ ಗಾಯಾಳುಗಳಿಂದ ಕಂಗೆಟ್ಟಿದ್ದ ನ್ಯೂಯಾರ್ಕ್ ನಿಕ್ಸ್ ಕರೆಯಿತು. ಒಪ್ಪಂದ ಖಾಯಂ ಆಗಬೇಕಾದರೆ ಫೆಬ್ರವರಿ 10 ದಾಟಬೇಕಿತ್ತು. ಅಲ್ಲಿಯವರೆಗೆ ಯಾವ ದಿನವಾದರೂ ಹೊರಹಾಕಬಹುದಿತ್ತು. ಹಾಗಾಗಿ ಬಾಡಿಗೆ ಮನೆ ಹಿಡಿಯಲಿಲ್ಲ. ದಂತವೈದ್ಯ ಓದುತ್ತಿದ್ದ ಅಣ್ಣನ ಕೋಣೆಯ ಸೋಫಾದ ಮೇಲೆ ಮಲಗುತ್ತಿದ್ದರು. ಕ್ರೀಡಾಂಗಣದ ಕಾವಲುಗಾರರು ಇವರನ್ನು ಆಟಗಾರನೆಂದು ನಂಬದೆ, ತಂಡದ ಆರೈಕೆ ಸಿಬ್ಬಂದಿಯೇ ಎಂದು ವಿಚಾರಿಸಿದ್ದೂ ಉಂಟಂತೆ.

ಫೆಬ್ರವರಿ 4, ಶನಿವಾರ. ನಿಕ್ಸ್ ತಂಡ ಆಡಿದ್ದ 23 ಪಂದ್ಯಗಳಲ್ಲಿ 15 ಸೋತಿತ್ತು. ಆ 23ರಲ್ಲಿ ಲಿನ್ ಅಂಗಳದಲ್ಲಿದ್ದದ್ದು ಒಟ್ಟು 55 ನಿಮಿಷ. ಒಪ್ಪಂದದ ಗಡುವಿಗೆ ಇನ್ನು ಆರೇ ದಿನ, ಅಷ್ಟರಲ್ಲಿ ಅವರನ್ನು ಬಿಟ್ಟುಬಿಡುವ ಯೋಚನೆ ನಡೆದಿತ್ತು. ಹಿಂದಿನ ರಾತ್ರಿ ಅಣ್ಣನ ಸೋಫಾ ಕೂಡ ಖಾಲಿ ಇರಲಿಲ್ಲ, ಸಹ ಆಟಗಾರ ಲ್ಯಾಂಡ್ರಿ ಫೀಲ್ಡ್ಸ್ ಮನೆಯ ಸೋಫಾದ ಮೇಲೆ ಮಲಗಿದ್ದರು. ನ್ಯೂಜೆರ್ಸಿ ನೆಟ್ಸ್ ಎದುರಿನ ಪಂದ್ಯದಲ್ಲಿ ಬೇರೆ ದಾರಿ ಕಾಣದೆ ತರಬೇತುದಾರ ಮೈಕ್ ಡಾಂಟೋನಿ ಇವರನ್ನು ಇಳಿಸಿದರು. ಅರ್ಧ ಪಂದ್ಯದ ವಿರಾಮದಲ್ಲಿ, ತಂಡದ ತಾರೆ ಕಾರ್ಮೆಲೊ ಆಂಥೊನಿಯೇ ಈ ಹುಡುಗನನ್ನು ಇನ್ನಷ್ಟು ಆಡಿಸಿ ಎಂದರು. ಲಿನ್ 25 ಅಂಕ ಗಳಿಸಿದರು, 7 ಬಾರಿ ಜೊತೆಗಾರರಿಗೆ ಅಂಕದ ದಾರಿ ಮಾಡಿಕೊಟ್ಟರು. ನಿಕ್ಸ್ 99-92ರಿಂದ ಗೆದ್ದಿತು.

ಡಾಂಟೋನಿಯ ಆಟದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಚೆಂಡು ಹಿಡಿದು ಆಟ ನಡೆಸುವವನನ್ನು ‘ಪಾಯಿಂಟ್ ಗಾರ್ಡ್’ ಎನ್ನುತ್ತಾರೆ. ಅವನನ್ನು ತಡೆಯಲು ಬರುವ ಎದುರಾಳಿಗೆ ತಂಡದ ಎತ್ತರದ ಆಟಗಾರನೊಬ್ಬ ಗೋಡೆಯಂತೆ ಅಡ್ಡ ನಿಲ್ಲುತ್ತಾನೆ. ಆ ಒಂದು ಕ್ಷಣದ ಬಿಡುವಿನಲ್ಲಿ ಗಾರ್ಡ್ ತಾನೇ ಬುಟ್ಟಿಯತ್ತ ನುಗ್ಗಬಹುದು. ಎತ್ತರದವನು ಬುಟ್ಟಿಯತ್ತ ಓಡಿದರೆ ಅವನಿಗೆ ಚೆಂಡು ಕೊಡಬಹುದು, ಇಲ್ಲವೇ ದೂರದಲ್ಲಿ ಬಿಡುವಾಗಿ ನಿಂತವನಿಗೆ ಎಸೆಯಬಹುದು. ಯಾವುದು ಸರಿ ಎಂದು ಅರೆಕ್ಷಣದಲ್ಲಿ ತೀರ್ಮಾನಿಸುವವನು ಬೇಕು. ನಿಕ್ಸ್ ತಂಡದಲ್ಲಿ ದುಬಾರಿ ತಾರೆಯರಿದ್ದರು, ಈ ಕೆಲಸ ಬಲ್ಲವನೇ ಇರಲಿಲ್ಲ. ಲಿನ್ ಬಲ್ಲದ್ದು ಇದನ್ನೇ. ಬೀಗಕ್ಕೆ ಸರಿಯಾದ ಕೀಲಿ ಸಿಕ್ಕಿತ್ತು. ಆ ಕೀಲಿ ಅಲ್ಲಿಯವರೆಗೆ ಬೆಂಚಿನ ತುದಿಯಲ್ಲೇ ಕುಳಿತಿತ್ತು.

ಮುಂದಿನದ್ದು ಈಗ ಚರಿತ್ರೆ. 6ರಂದು ಯೂಟಾ ಎದುರು, ಇಬ್ಬರು ತಾರೆಯರೂ ಇಲ್ಲದೆ, 28 ಅಂಕ. 8ರಂದು ವಾಷಿಂಗ್ಟನ್‌ನಲ್ಲಿ ಅದೇ ಜಾನ್ ವಾಲ್ ಎದುರು 23 ಅಂಕ. 10ರಂದು, ಅಂದರೆ ಒಪ್ಪಂದದ ಗಡುವಿನ ದಿನವೇ, ಲಾಸ್ ಏಂಜಲೀಸ್ ಲೇಕರ್ಸ್ ತಂಡ ಗಾರ್ಡನ್‌ಗೆ ಬಂತು. ಹಿಂದಿನ ರಾತ್ರಿ ಪತ್ರಕರ್ತರು ಲಿನ್ ಬಗ್ಗೆ ಕೇಳಿದಾಗ ಕೋಬಿ ಬ್ರಯಂಟ್ ತನಗೆ ಏನೂ ಗೊತ್ತಿಲ್ಲ ಎಂಬಂತೆ ಮಾತನಾಡಿದ್ದರು. ಆ ರಾತ್ರಿ ಕೋಬಿ 34 ಅಂಕ ಗಳಿಸಿದರು. ಲಿನ್ ಗಳಿಸಿದ್ದು 38. ನಿಕ್ಸ್ 92-85ರಿಂದ ಗೆದ್ದಿತು. 14ರಂದು ಟೊರಾಂಟೊದಲ್ಲಿ ಅಂಕ 87-87 ಸಮನಾಗಿದ್ದಾಗ, ಅರ್ಧ ಸೆಕೆಂಡು ಉಳಿದಿರುವಂತೆ ದೂರದಿಂದ ಎಸೆದು ಮೂರು ಅಂಕ ಗಳಿಸಿದರು. ಎದುರಾಳಿ ಊರಿನ ಪ್ರೇಕ್ಷಕರೇ ಎದ್ದು ಕುಣಿದರು. ಮರುದಿನದ ಗೆಲುವೂ ಸೇರಿ ಸತತ ಏಳು ಜಯ. ಮೊದಲಿಂದ ಇಳಿದು ಆಡಿದ ಮೊದಲ ಐದು ಪಂದ್ಯಗಳಲ್ಲಿ ಅವರ ಗಳಿಕೆ 136 ಅಂಕ. 1976ರಲ್ಲಿ ಅಮೆರಿಕದ ಎರಡು ಲೀಗುಗಳು ಒಂದಾದ ನಂತರ ಯಾವ ಆಟಗಾರನೂ ಮೊದಲ ಐದರಲ್ಲಿ ಅಷ್ಟು ಗಳಿಸಿರಲಿಲ್ಲ.

ಲಿನ್ ಎಂಬ ಹೆಸರನ್ನು ಇಂಗ್ಲಿಷಿನ ‘ಇನ್‌ಸ್ಯಾನಿಟಿ’, ಅಂದರೆ ಹುಚ್ಚು, ಎಂಬ ಪದದ ಜೊತೆ ಹೆಣೆದು ‘ಲಿನ್‌ಸ್ಯಾನಿಟಿ’ ಎಂಬ ಹೊಸ ಪದವನ್ನೇ ಜನ ಮಾಡಿಕೊಂಡರು. 17ನೇ ಸಂಖ್ಯೆಯ ಅವರ ಜೆರ್ಸಿ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಎರಡು ವಾರ ಬೆನ್ನುಬೆನ್ನಿಗೆ ಮುಖಪುಟದಲ್ಲಿ ಅವರನ್ನೇ ಹಾಕಿತು. ಅಧ್ಯಕ್ಷ ಒಬಾಮಾ ಕೂಡ ಇವರ ಆಟವನ್ನು ಗಮನಿಸುತ್ತಿದ್ದಾರೆ ಎಂದು ಶ್ವೇತಭವನದ ವಕ್ತಾರರು ಹೇಳಿದರು. ನಿಕ್ಸ್ ಪಂದ್ಯಗಳ ಪ್ರಸಾರದ ಬಗ್ಗೆ ಕೇಬಲ್ ಕಂಪನಿಯೊಂದಿಗೆ ಏಳು ವಾರಗಳಿಂದ ನಡೆದಿದ್ದ ಜಗಳವೂ ಇದೇ ಫೆಬ್ರವರಿ 17ರಂದು ಬಗೆಹರಿಯಿತು. ತೈವಾನಿನಲ್ಲಿ ಜನ ಬೆಳಿಗ್ಗೆ ಬೆಳಿಗ್ಗೆಯೇ ಟಿವಿಗಳ ಮುಂದೆ ಗುಂಪುಗೂಡಿದರು. ಈತ ನಮ್ಮವನು ಎಂದು ತೈವಾನ್ ಒಂದು ಕಡೆ, ಚೀನಾ ಇನ್ನೊಂದು ಕಡೆ ಹೇಳಿಕೊಂಡವು. ಹೆಸರು ಬಂದಾಗ ನೆಂಟರು ಹೆಚ್ಚಾಗುವುದು ಹೊಸ ಸಂಗತಿಯೇನಲ್ಲ.

ಇದಕ್ಕೂ ಹತ್ತು ವರ್ಷ ಮೊದಲು, 2002ರಲ್ಲಿ, ಚೀನಾದ ಯಾವೊ ಮಿಂಗ್ ಎನ್‌ಬಿಎಗೆ ಬಂದಿದ್ದರು. ಆದರೆ ಯಾವೊ ಏಳೂವರೆ ಅಡಿಯ ದೈತ್ಯ, ಡ್ರಾಫ್ಟಿನ ಮೊದಲ ಆಯ್ಕೆ. ಅವರನ್ನು ಕಾಣದಿರುವುದೇ ಅಸಾಧ್ಯವಾಗಿತ್ತು. ಲಿನ್ ವಿಷಯ ಹಾಗಲ್ಲ. ಅಮೆರಿಕದಲ್ಲೇ ಹುಟ್ಟಿದ, ಪಕ್ಕದ ಮನೆಯ ಹುಡುಗನಂತಿದ್ದ ಒಬ್ಬ ಏಷ್ಯನ್ ಎಲ್ಲರೆದುರು ವೇಗದಿಂದ, ಧೈರ್ಯದಿಂದ ನುಗ್ಗಿ ಆಡಿದ್ದು ಅಲ್ಲಿನ ಏಷ್ಯನ್ ಸಮುದಾಯಕ್ಕೆ ಹೊಸದು. ಏಷ್ಯನ್ ಮಕ್ಕಳೆಂದರೆ ಲೆಕ್ಕದಲ್ಲಿ ಜಾಣರು, ಮೈದಾನದಲ್ಲಿ ಪುಕ್ಕಲರು ಎಂಬ ಗಾದೆಯಂತಹ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. ಆದರೆ ನಂಬಿಕೆಗಳು ಬೇಗ ಸಾಯುವುದಿಲ್ಲ. 17ರಂದು ನ್ಯೂ ಆರ್ಲಿಯನ್ಸ್ ಎದುರು ನಿಕ್ಸ್ ಸೋತಿತು, ಲಿನ್ ಒಂಬತ್ತು ಬಾರಿ ಚೆಂಡು ಕಳೆದುಕೊಂಡರು. ಆ ರಾತ್ರಿ ಇಎಸ್‌ಪಿಎನ್ ಸಂಸ್ಥೆ ಪ್ರಕಟಿಸಿದ ಶೀರ್ಷಿಕೆಯಲ್ಲಿ ಚೀನೀಯರನ್ನು ಹೀನಾಯವಾಗಿ ಕರೆಯುವ ಹಳೆಯ ಬೈಗುಳವೊಂದು ನುಡಿಗಟ್ಟಿನ ರೂಪದಲ್ಲಿ ಅಡಗಿತ್ತು. ಸಂಸ್ಥೆ ಕ್ಷಮೆ ಕೇಳಿತು, ಶೀರ್ಷಿಕೆ ಕೊಟ್ಟವರನ್ನು ಕೆಲಸದಿಂದ ತೆಗೆಯಿತು. ಲಿನ್ ಕ್ಷಮಿಸಿದರು.

ಹುಚ್ಚಿನ ಹೊಳೆ ಬಹಳ ದಿನ ಹರಿಯಲಿಲ್ಲ. 23ರಂದು ಮಯಾಮಿ ತಂಡ ಇವರನ್ನು ಅಷ್ಟದಿಕ್ಕಿನಿಂದ ಮುತ್ತಿ, ಎಸೆದ 11ರಲ್ಲಿ ಒಂದೇ ಚೆಂಡು ಬುಟ್ಟಿಗೆ ಬೀಳುವಂತೆ ಕಟ್ಟಿಹಾಕಿತು. ಮಾರ್ಚ್ 14ರಂದು ಡಾಂಟೋನಿ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಲಿನ್ ಎಡಮೊಣಕಾಲಿಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯೊಂದಿಗೆ ಋತು ಮುಗಿಯಿತು. ಜುಲೈನಲ್ಲಿ ಹ್ಯೂಸ್ಟನ್ ಮೂರು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರಿನ ಆಹ್ವಾನ ಕೊಟ್ಟಿತು. ಅದನ್ನು ಸರಿಗಟ್ಟಲು ನಿಕ್ಸ್ ಒಪ್ಪಲಿಲ್ಲ. ಏಳು ತಿಂಗಳ ಹಿಂದೆ ಬಿಟ್ಟಿಯಾಗಿ ಬಿಟ್ಟುಕೊಟ್ಟವನನ್ನೇ ಹ್ಯೂಸ್ಟನ್ ಕೋಟಿಗಟ್ಟಲೆ ಕೊಟ್ಟು ಕರೆಸಿಕೊಂಡಿತು.

ಈ ಹ್ಯೂಸ್ಟನ್ ಪ್ರಸಂಗ ನನಗೆ ಇಡೀ ಕಥೆಯಲ್ಲೇ ಅತ್ಯಂತ ಯೋಚಿಸಬೇಕಾದದ್ದು ಎನಿಸುತ್ತದೆ. ಅಲ್ಲಿನ ವ್ಯವಸ್ಥಾಪಕ ಡ್ಯಾರಿಲ್ ಮೋರಿ ಆಟಗಾರರನ್ನು ಅಂಕಿಅಂಶಗಳಿಂದ ಅಳೆಯುವುದರಲ್ಲಿ ಹೆಸರಾದವರು. ಮೈಕಲ್ ಲೂಯಿಸ್ 2016ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಮೋರಿ ಹೇಳಿರುವಂತೆ, 2010ರಲ್ಲಿ ಅವರ ಗಣಕದ ಲೆಕ್ಕಾಚಾರ ಲಿನ್‌ರನ್ನು ಸುಮಾರು 15ನೆಯವರಾಗಿ ಆರಿಸಬಹುದು ಎಂದಿತ್ತು. ಆದರೆ ಆಟ ನೋಡಿದ ಪರಿಣತರ ಕಣ್ಣಿಗೆ ಲಿನ್ ವೇಗದ ಆಟಗಾರನಾಗಿ ಕಾಣಲೇ ಇಲ್ಲ. ಲೆಕ್ಕವನ್ನು ಬಿಟ್ಟು ಕಣ್ಣನ್ನು ನಂಬಿದರು. ಆಮೇಲೆ ಅವರು ಆಟಗಾರರ ಮೊದಲ ಎರಡು ಹೆಜ್ಜೆಗಳ ವೇಗವನ್ನು ಉಪಕರಣದಿಂದ ಅಳೆಯತೊಡಗಿದಾಗ, ಲಿನ್ ಮೊದಲ ಹೆಜ್ಜೆ ಅತಿ ವೇಗದವುಗಳಲ್ಲಿ ಒಂದು ಎಂದು ಗೊತ್ತಾಯಿತು. ಅಷ್ಟೂ ಜನ ತಜ್ಞರು ಅದೇ ಕಾಲುಗಳನ್ನು ವರ್ಷಗಟ್ಟಲೆ ನೋಡಿದ್ದರು! ಅವರು ದುಷ್ಟರಲ್ಲ, ದ್ವೇಷಿಗಳೂ ಅಲ್ಲ. ವೇಗದ ಆಟಗಾರ ಹೀಗಿರುತ್ತಾನೆ ಎಂಬ ಚಿತ್ರ ತಲೆಯಲ್ಲಿ ಮೊದಲೇ ಇತ್ತು, ಲಿನ್ ಮುಖ ಅದಕ್ಕೆ ಹೊಂದಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಸರಕು ತಲುಪಿಸುವ ಗಾಡಿ ಓಡಿಸುತ್ತಿದ್ದ ಒಬ್ಬ ಸಾಮಾನ್ಯ ಅಭಿಮಾನಿ ಬರೀ ಕಾಲೇಜು ಪಂದ್ಯಗಳ ಅಂಕಿಗಳನ್ನು ನೋಡಿ, ಲಿನ್ ಒಳ್ಳೆಯ ಆಟಗಾರನಾಗುತ್ತಾನೆ ಎಂದು 2010ರ ಡ್ರಾಫ್ಟಿಗೂ ಮೊದಲೇ ಬರೆದಿದ್ದ.

ಹ್ಯೂಸ್ಟನ್‌ಗೆ ಅದೇ ಅಕ್ಟೋಬರಿನಲ್ಲಿ ಜೇಮ್ಸ್ ಹಾರ್ಡನ್ ಬಂದಿದ್ದರಿಂದ ಆಟ ನಡೆಸುವ ಕೆಲಸ ಅವರ ಪಾಲಾಯಿತು. ಲಿನ್ ಮುಂದೆ ಲೇಕರ್ಸ್, ಶಾರ್ಲಟ್, ಬ್ರೂಕ್ಲಿನ್, ಅಟ್ಲಾಂಟಾ ತಂಡಗಳಲ್ಲಿ ಆಡಿದರು. 2017ರ ಅಕ್ಟೋಬರಿನಲ್ಲಿ ಋತುವಿನ ಮೊದಲ ಪಂದ್ಯದಲ್ಲೇ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. 2019ರಲ್ಲಿ ಟೊರಾಂಟೊ ತಂಡದೊಂದಿಗೆ ಎನ್‌ಬಿಎ ಪ್ರಶಸ್ತಿ ಗೆದ್ದರು, ಆದರೆ ಫೈನಲ್ಸ್‌ನಲ್ಲಿ ಅಂಗಳಕ್ಕಿಳಿದದ್ದು ಸುಮಾರು ಒಂದು ನಿಮಿಷ ಮಾತ್ರ. ಆ ಜುಲೈನಲ್ಲಿ ತೈವಾನಿನಲ್ಲಿ ಮಾತನಾಡುತ್ತಾ, ಎನ್‌ಬಿಎ ತನ್ನನ್ನು ಕೈಬಿಟ್ಟಂತಿದೆ ಎಂದು ಕಣ್ಣೀರಿಟ್ಟರು. 2021ರಲ್ಲಿ ಕೆಳದರ್ಜೆಯ ಲೀಗಿನಲ್ಲಿ ಮರುಪ್ರಯತ್ನ ಮಾಡುತ್ತಿದ್ದಾಗ, ಅಂಗಳದಲ್ಲೇ ತನ್ನನ್ನು ‘ಕೊರೊನಾವೈರಸ್’ ಎಂದು ಕರೆದರು ಎಂದು ಬರೆದರು. ಕರೆದವನ ಹೆಸರನ್ನು ಮಾತ್ರ ಹೇಳಲು ನಿರಾಕರಿಸಿದರು.

ನಮ್ಮ ದೇಶದ ಒಂದು ಹೋಲಿಕೆ ಹೇಳಬಹುದು. 2015ರಲ್ಲಿ ಪಂಜಾಬಿನ ಏಳು ಅಡಿ ಎರಡು ಇಂಚಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ ಡ್ರಾಫ್ಟಿನಲ್ಲಿ 52ನೆಯವರಾಗಿ ಆರಿಸಿತು. ಭಾರತದಿಂದ ಆಯ್ಕೆಯಾದ ಮೊದಲಿಗ ಅವರು, ಆದರೆ ಒಂದು ಎನ್‌ಬಿಎ ಪಂದ್ಯದಲ್ಲೂ ಆಡಲಾಗಲಿಲ್ಲ. ಡ್ರಾಫ್ಟಿನಲ್ಲಿ ಯಾರೂ ಆರಿಸದ ಲಿನ್ ಆಡಿದ್ದು 480 ಪಂದ್ಯ.

ಕೊನೆಯ ವರ್ಷಗಳನ್ನು ಲಿನ್ ಚೀನಾದಲ್ಲಿ, ನಂತರ ತಂದೆ ತಾಯಿಯ ನಾಡಾದ ತೈವಾನಿನಲ್ಲಿ ಕಳೆದರು. ನ್ಯೂ ತೈಪೆ ಕಿಂಗ್ಸ್ ತಂಡದಲ್ಲಿ ತಮ್ಮ ಜೋಸೆಫ್ ಕೂಡ ಜೊತೆಗಿದ್ದ. ವೈಎಂಸಿಎ ಅಂಗಳದಲ್ಲಿ ತಂದೆಯ ಕೈಯಲ್ಲಿ ಕಲಿತ ಇಬ್ಬರು ಸಹೋದರರು 2024ರಲ್ಲಿ ಒಂದೇ ಬಣ್ಣದ ಜೆರ್ಸಿ ತೊಟ್ಟು ಲೀಗ್ ಪ್ರಶಸ್ತಿ ಎತ್ತಿ ಹಿಡಿದರು. ತಂಡ 2025ರಲ್ಲೂ ಗೆದ್ದಿತು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ, 37 ತುಂಬಿದ ಕೆಲವೇ ದಿನಗಳಲ್ಲಿ, ಜೆರೆಮಿ ಲಿನ್ ಆಟದಿಂದ ನಿವೃತ್ತಿ ಘೋಷಿಸಿದರು.